ನೆಲ ಮುಟ್ಟದ ಒಲೆ

ತಗಡು ಕಾದರೆ ಒಂದು ವಾಸನೆ ಬರುತ್ತದೆ. ಹಳೇ ಸೀಮೆಎಣ್ಣೆಯ ಕಮಟು, ತುಕ್ಕು, ಸುಟ್ಟ ಹತ್ತಿಕಟ್ಟಿಗೆ ಎಲ್ಲ ಸೇರಿದ ವಾಸನೆ. ಮೊನ್ನೆ ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಶೇಂಗಾ ಹುರಿಯುವವನ ಡಬ್ಬಿಯಿಂದ ಅದು ಬಂತು, ನಾನು ನಿಂತುಬಿಟ್ಟೆ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ, ಈಗಿಲ್ಲದ ಮನೆಯೊಂದನ್ನು ಕಣ್ಣ ಮುಂದೆ ತರುವಂಥದು. ನಿಮಗೆ ಆಗ ಕಣ್ಣು ತುಂಬಬಹುದು. ನನಗೆ ಮೊದಲು ಬಂದದ್ದು ಸಿಟ್ಟು. ಆ ಮನೆಯಲ್ಲಿದ್ದವರೆಲ್ಲ ಮಣ್ಣಾಗಿ ಎಷ್ಟೋ ವರ್ಷವಾಯಿತು, ನನ್ನ ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ನಮ್ಮ ಮನೆ ಇದ್ದದ್ದು ತಿಕೋಟಾದಿಂದ ಒಂದು ಹರದಾರಿ ದೂರದ ಊರಿನಲ್ಲಿ. ಕರಿಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ದನಗಳೂ ನಾವೂ ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತಿದ್ದ ಮನೆ. ಅಪ್ಪ ವಿಜಯಪುರದ ಹತ್ತಿ ಅಡತಿ ಅಂಗಡಿಯಲ್ಲಿ ಗುಮಾಸ್ತ, ವಾರಕ್ಕೊಮ್ಮೆ ಬರುವವನು. ಯಜಮಾನಿಕೆ ಅಜ್ಜನದು, ಅವನ ಕಟ್ಟಳೆ ಒಂದೇ: ಒಂದು ಮಾಳಿಗೆಯ ಕೆಳಗೆ ಒಂದೇ ಒಲೆ. ನಮ್ಮ ಕಡೆ ಮನೆ ಒಡೆಯಿತೆಂದರೆ ಎರಡನೇ ಒಲೆ ಹೂಡಿದರು ಎಂದೇ ಅರ್ಥ. ಆ ಒಂದು ಒಲೆ ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡವ್ವನ ಕೈಯಲ್ಲಿತ್ತು. ಮಧ್ಯಾಹ್ನದ ಊಟ ಮುಗಿಯುತ್ತಲೇ ಅವಳು ಕೆಂಡದ ಮೇಲೆ ಬೂದಿ ಎಳೆಯುವಳು, ಸಂಜೆಯತನಕ ಯಾರಿಗೂ ಬಿಚ್ಚುತ್ತಿರಲಿಲ್ಲ. ಎರಡು ವರ್ಷದ ನನ್ನ ತಮ್ಮ ಶಿವು ಜ್ವರ ಬಂದು ಮೂರು ದಿನ ಏನನ್ನೂ ಬಾಯಿಗೆ ಹಾಕಿರಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಹಸಿವೆಂದು ಅತ್ತ. ಅವ್ವ ಹೋಗಿ ಗಂಜಿ ಕಾಸಲು ಬೆಂಕಿ ಕೇಳಿದಳು. "ಒಲಿ ಮುಚ್ಚೇನಿ. ಅಷ್ಟು ಅವಸರ ಇದ್ರ ಬ್ಯಾರೆ ಒಲಿ ಹೂಡ್ಕೋ," ಅಂದಳು ದೊಡ್ಡವ್ವ. ಹೂಡಿದರೆ ಅಜ್ಜ ಹೊರಗೆ ಹಾಕುತ್ತಾನೆಂದು ಗೊತ್ತಿದ್ದೇ ಅಂದ ಮಾತು ಅದು. ಅವ್ವ ತಣ್ಣೀರಿನಲ್ಲಿ ಜೋಳದ ಹಿಟ್ಟು ಕದಡಿ ಕುಡಿಸಿದಳು, ಶಿವು ಅಷ್ಟನ್ನೂ ಕಾರಿಕೊಂಡ. ನನಗೆ ಆಗ ಹತ್ತು ವರ್ಷ. ಇವಳು ನನ್ನ ಮುಂದೆ ಕೈ ಒಡ್ಡುವ ದಿನ ಬರಲಿ ಎಂದು ಹಲ್ಲು ಕಚ್ಚಿಕೊಂಡು ಅವನ ಬಾಯಿ ಒರೆಸಿದೆ.

ಅವ್ವ ಬೈಯಲಿಲ್ಲ, ಅಳಲೂ ಇಲ್ಲ. ಅವಳ ತವರು ಕಾಖಂಡಕಿ. ಎತ್ತಿನ ವ್ಯಾಪಾರ ಮಾಡುತ್ತಿದ್ದ ಅವಳ ಅಪ್ಪ ಸಂತೆಯಿಂದ ಸಂತೆಗೆ ಹೋಗುವಾಗ ಡಬ್ಬಿಯ ಒಲೆಯೊಂದನ್ನು ಗಾಡಿಗೆ ನೇತುಹಾಕಿಕೊಂಡು ಹೋಗಿ, ಇಳಿದಲ್ಲೇ ರೊಟ್ಟಿ ಸುಟ್ಟುಕೊಳ್ಳುತ್ತಿದ್ದನಂತೆ. ಅವ್ವ ಅದನ್ನೇ ನೆನಪು ಮಾಡಿಕೊಂಡಳು. ಹಳೇ ಸಾಮಾನಿನವನ ಹತ್ತಿರದಿಂದ ಅಪ್ಪ ಸೋರುವ ಸೀಮೆಎಣ್ಣೆ ಡಬ್ಬಿಯೊಂದನ್ನು ತಂದುಕೊಟ್ಟ. ಉಳಿದದ್ದನ್ನೆಲ್ಲ ಅವಳು ತಿಪ್ಪೆಯಿಂದ ಆರಿಸಿದಳು, ಅದೂ ದೊಡ್ಡವ್ವ ಬಿಸಾಡಿದ್ದನ್ನೇ: ಹರಿದ ಕಬ್ಬಿಣದ ಜರಡಿ, ಹಿಡಿ ಮುರಿದ ಎರಡು ಕುಡುಗೋಲು, ತೂತುಬಿದ್ದ ಬಕೆಟ್ಟಿನ ಕೈ. ಡಬ್ಬಿಯನ್ನು ನಡುವಿಗೆ ಕೊಯ್ದು, ಕಟ್ಟಿಗೆ ತುರುಕಲು ಮುಂದೆ ಒಂದು ಬಾಯಿ ಬಿಟ್ಟಳು. ಜರಡಿಯನ್ನು ಒಳಗೆ ಅಡ್ಡ ಕೂರಿಸಿದಳು, ಬೂದಿ ಕೆಳಗೆ ಬೀಳಲೆಂದು. ಗಾಳಿಯಾಡಲು ನಾನು ಕೆಳಗೆಲ್ಲ ಮೊಳೆಯಿಂದ ತೂತು ಹೊಡೆದೆ. ಒಂದೊಂದು ಏಟಿಗೂ ದೊಡ್ಡವ್ವನ ಹೆಸರು ಹೇಳಿ ಹೊಡೆದೆ, ಸುಳ್ಳು ಯಾಕೆ ಹೇಳಲಿ. ಮೇಲೆ ಕುಡುಗೋಲುಗಳನ್ನು ಅಡ್ಡಡ್ಡ ಇಟ್ಟು ಬಗ್ಗಿಸಿದ ಮೇಲೆ ಪಾತ್ರೆ ಅಲ್ಲಾಡದೆ ಕೂತಿತು. ಒಳಗೆ ಮಣ್ಣು ಮೆತ್ತಿದರೆ ಶಾಖ ನಿಲ್ಲುತ್ತದಲ್ಲ ಎಂದರೆ ಅವ್ವ ಬೇಡವೆಂದಳು, ಯಾಕೆಂದು ಹೇಳಲಿಲ್ಲ.

ಅಂಗಳದ ತಗಡಿನ ಚಪ್ಪರದಲ್ಲಿ ಎತ್ತು ಬಿಚ್ಚಿದ ಗಾಡಿ ನಿಂತಿತ್ತು. ಅದರ ಮೇಲೆ ಒಂದು ಚಪ್ಪಟೆ ಫರಸಿಕಲ್ಲು, ಕಲ್ಲಿನ ಮೇಲೆ ಡಬ್ಬಿ. ಹತ್ತಿಕಟ್ಟಿಗೆ ಚಟಚಟ ಉರಿಯಿತು. ಸಣ್ಣ ಸೊಸೆ ಒಲೆ ಹೂಡಿದಳೆಂದು ದೊಡ್ಡವ್ವ ಕೂಗಿಕೊಂಡು ಅಜ್ಜನನ್ನು ಕರೆತಂದಳು. ಅವ್ವ ಮಾವನ ಮುಂದೆ ಬಾಯಿ ತೆರೆಯುವಂತಿರಲಿಲ್ಲ. ಸೆರಗು ಎಳೆದುಕೊಂಡು ನನಗೆ ಹೇಳಿದಳು. "ಅಜ್ಜಾರಿಗೆ ಹೇಳವ್ವಾ, ಇದಕ್ಕ ಮಣ್ಣ ಹಚ್ಚಿಲ್ಲ, ಇದು ನೆಲಾ ಮುಟ್ಟಿಲ್ಲ." ಅಜ್ಜ ಗಾಡಿಯ ಸುತ್ತ ಎರಡು ಸಲ ಬಂದ, ಬಗ್ಗಿ ನೋಡಿದ. "ಖರೇನ ಐತಿ. ಗಾಡಿ ಮ್ಯಾಲಿಂದು ಒಲಿ ಅಲ್ಲ. ಉರೀಲಿ," ಅಂದ. ದೊಡ್ಡವ್ವನ ಮುಖ ಆಗ ನೋಡಬೇಕಿತ್ತು ನೀವು.

ಶಿವು ಗಂಜಿ ಕುಡಿದು ಗಟ್ಟಿಯಾದ. ಬಿತ್ತಿಗೆಯ ದಿನಗಳಲ್ಲಿ ಬಬಲೇಶ್ವರದ ಕಡೆಯ ದೂರದ ಹೊಲದಲ್ಲಿ ನಾಲ್ಕಾರು ದಿನ ಇಳಿದುಕೊಂಡಾಗ ಡಬ್ಬಿಯೂ ನಮ್ಮ ಜೊತೆ ಬಂತು. ಬಿಸಿ ರೊಟ್ಟಿ, ಹಿಂಡಿಪಲ್ಲೆ ಉಂಡು ರುಚಿ ಹತ್ತಿದ ಅಜ್ಜ ಊರಿಗೆ ಬಂದ ಮೇಲೂ ಗಾಡಿಯ ಹತ್ತಿರ ಬಂದು ತಟ್ಟೆ ಹಿಡಿಯತೊಡಗಿದ. ಒಳಗೆ ದೊಡ್ಡವ್ವನ ರೊಟ್ಟಿಗಳು ಬುಟ್ಟಿಯಲ್ಲಿ ಸೆಟೆದು ಬಿದ್ದಿರುತ್ತಿದ್ದವು. ಅವ್ವನಿಗೆ ಅಷ್ಟು ಸಾಕಾಗಿತ್ತು. ನನಗೆ ಸಾಕಾಗಿರಲಿಲ್ಲ.

ಆ ದಿನವೂ ಬಂತು. ಮಳೆಗೆ ಮಾಳಿಗೆ ಸೋರಿ ದೊಡ್ಡವ್ವನ ಒಲೆ ಕೆಂಡಸಮೇತ ತೊಯ್ದುಹೋಗಿತ್ತು. ಯುದ್ಧದ ಕಾಲ, ಕಡ್ಡಿಪೆಟ್ಟಿಗೆ ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ. ಅವ್ವ ಕೊಟ್ಟಿಗೆಯಲ್ಲಿ ಸಂಜೆಯ ಹಾಲು ಹಿಂಡುತ್ತಿದ್ದಳು, ಉರಿಯುವ ಡಬ್ಬಿಯ ಮುಂದೆ ನಾನು ಕೂತಿದ್ದೆ. ದೊಡ್ಡವ್ವ ಒಡಕು ಗಡಿಗೆಯ ಬೋಕಿ ಹಿಡಿದು ಬಂದು ನಿಂತಳು. "ನಾಕು ಕೆಂಡ ಕೊಡವ್ವಾ," ಅಂದಳು. ಅಂದು ಮಂಗಳವಾರ. ಮಂಗಳವಾರ, ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಬೇರೆ ಮನೆಯವರಿಗೆ ಬೆಂಕಿ ಕೊಡುವುದಿಲ್ಲ, ಅದು ನಮ್ಮ ಪದ್ಧತಿ. ಬೇರೆ ಮನೆಯವರಿಗೆ. ನಾನು ಅವಳ ಕಣ್ಣಲ್ಲಿ ಕಣ್ಣಿಟ್ಟು ಅಂದೆ: "ಇವತ್ತ ಮಂಗಳವಾರ. ಹೊರಗಿನ ಮಂದಿಗೆ ಬೆಂಕಿ ಕೊಡಂಗಿಲ್ಲ." ಆಹಾ, ಎಂಥ ಸಿಹಿ ಇತ್ತು ಆ ಮಾತು! ಅದರ ಹಿಂದೆಯೇ, ಹೊಲದಿಂದ ತೊಯ್ದು ಬಂದು ಅಂಗಳದಲ್ಲಿ ನಿಂತಿದ್ದ ಅಜ್ಜ ಕಂಡ.

ಅವನು ಬೈಯಲಿಲ್ಲ. ಬೆಂಕಿ ಇಲ್ಲವೆಂದ ಮೇಲೆ ಮನೆ ಎರಡಾಯಿತು ಅಂದ, ಅಷ್ಟೇ. ಅವ್ವ ಮೊದಲ ಸಲ ಮಾವನ ಮುಂದೆ ಬಾಯಿ ತೆರೆದು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಆ ವಾರವೇ ನಡುಮನೆಯಲ್ಲಿ ಗೋಡೆ ಎದ್ದಿತು. ನಮ್ಮ ಪಾಲಿಗೆ ಬಂದ ನೆಲದಲ್ಲಿ ಅವ್ವ ಮಣ್ಣು ಕಲಸಿ ಒಲೆ ಹಾಕಿದಳು, ಹಾಕುತ್ತ ಅತ್ತಳು. "ಇದನ್ನ ಹೂಡಬಾರದಂತ ಅಷ್ಟೆಲ್ಲಾ ತಡಕೊಂಡೇನಿ. ನೀ ಒಂದ ಮಾತಿನ್ಯಾಗ ಹೂಡಿದಿ," ಅಂದಳು. ಗೋಡೆ ಎದ್ದ ಮೇಲೆ ಅಜ್ಜ ಎರಡೂ ಕಡೆ ಸರಿಯಾಗಿ ಉಣ್ಣಲಿಲ್ಲ, ಮುಂದಿನ ಬೇಸಿಗೆಗೆ ಹೋಗಿಬಿಟ್ಟ.

ದೊಡ್ಡವ್ವ ಮತ್ತೆ ನನ್ನೊಡನೆ ಮಾತಾಡಲಿಲ್ಲ. ನನ್ನ ಮದುವೆಯ ದಿನ ಹಿರಿಯರಿಗೆಲ್ಲ ನಮಸ್ಕಾರ ಮಾಡುತ್ತ ಅವಳ ಕಾಲನ್ನೂ ಮುಟ್ಟಿದೆ. ಪದ್ಧತಿಯೆಂದು ಮುಟ್ಟಿದೆ, ತಪ್ಪಾಯಿತು ಎಂದು ಅಲ್ಲ. ಆ ಮಾತು ಇವತ್ತಿಗೂ ನನ್ನ ಬಾಯಿಗೆ ಬಂದಿಲ್ಲ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. ಅದೂ ಪದ್ಧತಿಯೇ ಎಂದುಕೊಂಡು ಏಳಲು ಹೋದೆ. ಅವಳು ಕೈ ತೆಗೆಯಲೇ ಇಲ್ಲ.