ಹಿಂಡು ಕುಡಿದ ಮೇಲೆ

ಎಳ್ಳಮಾವಾಸ್ಯೆಯ ದಿನ ಸಿದ್ದವ್ವ ಆಯಿ ಹೊತ್ತು ಮುಳುಗುವ ತನಕ ಒಂದು ಹನಿ ನೀರು ಮುಟ್ಟುತ್ತಿರಲಿಲ್ಲ. ನಾವೆಲ್ಲ ಹೊಲದಲ್ಲಿ ಕೂತು ಸಜ್ಜಿ ಕಡುಬು, ಶೇಂಗಾ ಹೋಳಿಗೆ ಅಂತ ಹೊಟ್ಟೆ ಬಿರಿಯುವಂತೆ ತಿಂದು, ಮಜ್ಜಿಗೆ ಕುಡಿದು, ಬನ್ನಿ ಗಿಡದ ನೆರಳಿಗೆ ಉರುಳುತ್ತಿದ್ದೆವು. ಆಯಿ ಮಾತ್ರ ತುಂಬಿದ ತಂಬಿಗೆ ಮುಂದಿಟ್ಟುಕೊಂಡು, ಒಣಗಿದ ತುಟಿಯಲ್ಲೇ ನಗುತ್ತಾ ಕೂತಿರುತ್ತಿದ್ದಳು.

"ಒಂದ್ ಗುಟುಕು ಕುಡಿ ಆಯಿ, ಯಾರ ನೋಡ್ತಾರ?" ಎಂದು ನಾನು ಚಾಷ್ಟಿ ಮಾಡಿದರೆ, "ನಮ್ಮಪ್ಪ ನೋಡ್ತಾನ. ಸುಮ್ನ ಬಿದ್ಕೋ, ಬಾಯಿಬಡಕಿ" ಎಂದು ಗದರುತ್ತಿದ್ದಳು.

ಕನ್ನೊಳ್ಳಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ರಕ್ತಸಂಬಂಧ ಇರಲಿಲ್ಲ, ಆದರೆ ನಮ್ಮನ್ನು ಬೈಯುವ ಪೂರಾ ಹಕ್ಕು ಇತ್ತು. ಕುರಿ ಕಾಯ್ದು ಬದುಕಿದ ಮನೆತನ. ಅವಳ ಅಪ್ಪ ಬೀರಪ್ಪ ಎರಡನೇ ಮಹಾಯುದ್ಧದ ಕಾಲದಲ್ಲಿ ಪಲ್ಟಣಿ ಸೇರಿ ಹೊರಟಾಗ ಇವಳಿನ್ನೂ ತಾಯಿಯ ಹೊಟ್ಟೆಯಲ್ಲಿದ್ದಳು. ಅಪ್ಪನ ಮುಖ ಕಂಡಿಲ್ಲ, ಒಂದು ಫೋಟೋ ಸಹ ಇಲ್ಲ. ಆದರೂ ಮಾತಾಡುವುದು ನೋಡಬೇಕು! "ನಮ್ಮಪ್ಪಗ ಪುಂಡಿಪಲ್ಯ ಅಂದ್ರ ಜೀವ" ಅನ್ನುವಳು, ಈಗಷ್ಟೇ ಉಂಡು ಎದ್ದುಹೋದವನ ಸುದ್ದಿ ಹೇಳುವಂತೆ.

ಅಪ್ಪನ ಸಾವಿನ ಸುದ್ದಿ ತಂದವನು ತಂಗಡಗಿಯ ಒಬ್ಬ ಸಿಪಾಯಿ. ಬೀರಪ್ಪನ ಜೊತೆಗೇ ಇದ್ದವನು, ಒಂದು ಕೈ ಕಳೆದುಕೊಂಡು ಬಂದಿದ್ದ. ಅವನು ಹೇಳಿದ್ದನ್ನು ತಾಯಿ ಆಯಿಗೆ ಹೇಳಿದಳು, ಆಯಿ ನಮಗೆ ಹೇಳುತ್ತಿದ್ದಳು. ಬರ್ಮಾ ಗಡಿಯ ಗುಡ್ಡದ ಮೇಲೆ ಇವರ ತುಕಡಿ ಸಿಕ್ಕಿಬಿದ್ದಿತ್ತು. ಸುತ್ತ ಜಪಾನಿನವರು. ಸಂಜೆ ಹಾಜರಿ ಕೂಗಿದರೆ ಓ ಅನ್ನುವವರು ದಿನದಿನಕ್ಕೂ ಕಡಿಮೆ. ಉಳಿದವರಿಗೆ ಕುಡಿಯಲು ನೀರಿಲ್ಲ. ಆಗ ಬೀರಪ್ಪ, "ನಾ ಕುರಿ ಕಾಯಾಂವ, ನೀರಿನ ಜಾಡು ನನಗ ಗೊತ್ತಾಗತೈತಿ" ಎಂದು ಎಲ್ಲರ ಬಾಟಲಿ ಕೊರಳಿಗೆ ಹಾಕಿಕೊಂಡು ಇಳಿದನಂತೆ. ನೀರು ತುಂಬಿಕೊಂಡು ವಾಪಸು ಹತ್ತಿದನಂತೆ. ಗುಂಡು ತಗುಲಿದ್ದು ಗೆಳೆಯರ ಹತ್ತಿರ ಬಂದು ಮುಟ್ಟಿದ ಮೇಲೆ. ತಂಗಡಗಿಯವನು ಬಾಟಲಿ ಬಿಚ್ಚಿ ಅವನ ಬಾಯಿಗೆ ಹಿಡಿದರೆ ತಲೆ ಅಲ್ಲಾಡಿಸಿದನಂತೆ: "ಮೊದಲ ಅವ್ರು ಕುಡೀಲಿ."

"ಹಿಂಡು ಕುಡಿದ ಮ್ಯಾಲ ಕುರಿ ಕಾಯಾಂವ ಕುಡೀಬೇಕು. ಅದು ನಮ್ಮ ಮಂದಿ ರಿವಾಜ" ಅನ್ನುತ್ತಿದ್ದಳು ಆಯಿ. "ಎಲ್ಲಾರೂ ಕುಡಿಯೂದ್ರಾಗ ನಮ್ಮಪ್ಪನ ಜೀವ ಹೋಗಿತ್ತು. ಅಂವ ಇನ್ನೂ ಕುಡಿದಿಲ್ಲ. ಭೂಮಿಗೂ ನೀರುಣಿಸೂ ಈ ದಿನ ನಾ ಹ್ಯಾಂಗ ಕುಡೀಲಿ?" ಇಷ್ಟು ಹೇಳುವಾಗ ಅವಳ ಕಣ್ಣಲ್ಲಿ ನೀರು ಬರುತ್ತಿರಲಿಲ್ಲ. ಬೆನ್ನು ನೆಟ್ಟಗಾಗುತ್ತಿತ್ತು.

ಆ ಹೆಮ್ಮೆಯನ್ನು ಯಾರಾದರೂ ಮುಟ್ಟಿದರೋ, ಮುಗಿಯಿತು. ಒಮ್ಮೆ ಚಹಾದಂಗಡಿ ಕಟ್ಟೆಯ ಮೇಲೆ ಕೂತ ಒಬ್ಬ ಶಾಣ್ಯಾ, "ನಿಮ್ಮಪ್ಪ ಏನು ದೇಶಕ್ಕ ಸತ್ತಾನೇನ್ ಬೇ? ಇಂಗ್ರೇಜಿಯವರ ಉಪ್ಪು ತಿಂದು ಸತ್ತಾನ" ಎಂದ. ಆಯಿ ಹೊತ್ತಿದ್ದ ಕೊಡವನ್ನು ಕೆಳಗಿಳಿಸಿ ಸೀದಾ ಅವನ ಎದುರಿಗೆ ನಿಂತಳು.

"ಉಪ್ಪು ಯಾರ್ದರ ಇರ್ಲೋ ತಮ್ಮಾ, ರಕ್ತ ಕನ್ನೊಳ್ಳಿದು. ಅಂವ ನೀರು ತರಾಕ ಇಳಿದಿದ್ದು ದೊರಿ ಸಲುವಾಗಿ ಅಲ್ಲ, ಮಗ್ಗಲದಾಂವನ ಸಲುವಾಗಿ. ನಿನ್ನ ಮಗ್ಗಲದಾಂವಗ ನೀ ಒಂದ್ ಕಪ್ ಚಹಾ ಕುಡಿಸಿದ್ದರ ತೋರ್ಸು ನೋಡೂಣು!"

ಕಟ್ಟೆಯೆಲ್ಲ ಹೋ ಎಂದು ನಕ್ಕಿತು. ಆ ಮನುಷ್ಯ ಅಂದು ಎಲ್ಲರ ಚಹಾದ ಬಿಲ್ಲು ಕೊಟ್ಟು ಎದ್ದ.

ನನ್ನ ತಮ್ಮ ಶಿವು ಮಿಲಿಟರಿ ಸೇರಿದಾಗ ನಮ್ಮವ್ವ ಅತ್ತಳು, ಆಯಿ ಊರಿಗೆಲ್ಲ ಸಕ್ಕರೆ ಹಂಚಿದಳು. ಕೆಲವು ವರ್ಷದ ಮೇಲೆ ಅವನಿಗೆ ಅದೇ ಬರ್ಮಾ ಗಡಿಯ ಕಡೆಗೆ ಪೋಸ್ಟಿಂಗ್ ಆಯಿತು. ರಜೆ ಮುಗಿಸಿ ಹೊರಟವನ ಕೈಗೆ ಆಯಿ ಒಂದು ಗಂಟು ಕೊಟ್ಟಳು. ಖಡಕ್ ರೊಟ್ಟಿ, ಶೇಂಗಾ ಹೋಳಿಗೆ.

"ತಿನ್ನಾಕಲ್ಲ. ಎಳ್ಳಮಾಸಿ ದಿನ ಆ ಗುಡ್ಡದಾಗ ಚರಗ ಚೆಲ್ಲು."

ಚರಗವೆಂದರೆ ಭೂಮಿತಾಯಿಗೆ ಉಣಿಸುವುದು. ಒಬ್ಬರು ಎಡೆಯ ಚೂರು ಎರಚುತ್ತಾ ಮುಂದೆ ಹೋದರೆ, ಇನ್ನೊಬ್ಬರು ನೀರು ಚಿಮುಕಿಸುತ್ತಾ ಹಿಂದೆ ನಡೆಯಬೇಕು. ಅದನ್ನು ಚೆಲ್ಲುವುದು ಅವರವರ ಹೊಲದಲ್ಲಿ. ಶಿವು ತಲೆ ಕೆರೆದುಕೊಂಡ.

"ಅದು ನಮ್ಮ ಹೊಲ ಅಲ್ಲಲ್ಲ ಆಯಿ?"

"ನಮ್ಮಪ್ಪ ಬಿದ್ದ ನೆಲ ಮತ್ತ ಯಾರ್ದೋ? ಪಹಣಿ ಕೇಳಾಕ ಯಾವನರ ಬಂದ್ರ ನನ್ನ ಕಡೆ ಕಳಸು!"

ಆ ಎಳ್ಳಮಾವಾಸ್ಯೆಗೆ ನಾವು ಹೊಲದಲ್ಲಿದ್ದಾಗ ಶಿವುನ ವಿಡಿಯೋ ಕಾಲ್ ಬಂತು. ನಾನು ಫೋನು ಹಿಡಿದೆ. ಹಸಿರು ಗುಡ್ಡ, ಮಂಜು, ಆ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಸಾಲು ಸಾಲು ಕಲ್ಲುಗಳು. ಶಿವುನ ಹಿಂದೆ ಅವನ ಗೆಳೆಯನೊಬ್ಬ ನೀರಿನ ಬಾಟಲಿ ಹಿಡಿದು ನಿಂತಿದ್ದ. ಪಂಜಾಬಿನವನು, ನಮ್ಮ ಮಾತು ಒಂದೂ ತಿಳಿಯದವನು.

"ಆಯಿ, ಕಲ್ಲಿನ್ಯಾಗ ನಿಮ್ಮಪ್ಪನ ಹೆಸರು ಸಿಗಲಿಲ್ಲ" ಎಂದ ಶಿವು, ತಪ್ಪು ಮಾಡಿದವನಂತೆ.

"ನನ್ನ ಬಾಯಾಗ ಐತೆಲ್ಲೋ ಹೆಸರು. ನೀರು ಎಲ್ಲೀದು?"

"ಇಲ್ಲೇ ಕೆಳಗ ಝರಿ ಐತಿ, ಅದರದ."

"ಭೇಷ್. ನಮ್ಮಪ್ಪ ತುಂಬಿದ್ದೂ ಅದ ಇರಬೇಕು. ಚೆಲ್ಲು."

ಶಿವು ರೊಟ್ಟಿ ಮುರಿದವನು ಹಾಗೇ ನಿಂತ. "ಆಯಿ, ಈ ಗುಡ್ಡದಾಗ ಜಪಾನದವ್ರೂ ರಾಶಿ ರಾಶಿ ಬಿದ್ದಾರಂತ. ಯಾವ ಕಡೆ ಚೆಲ್ಲಲಿ?"

ಅಪ್ಪನನ್ನು ಕೊಂದವರು. ನಾನು ಅವಳ ಮುಖ ನೋಡಿದೆ. ಆಯಿ ನಮ್ಮ ಜೋಳದ ಹೊಲವನ್ನು ಒಮ್ಮೆ ನೋಡಿದಳು.

"ಇಲ್ಲಿ ಚೆಲ್ಲುವಾಗ ಜ್ವಾಳಕ್ಕಷ್ಟ ಬೀಳಲಿ ಅಂತ ಚೆಲ್ತೀವೇನೋ ಖೋಡಿ? ಕಸಕ್ಕೂ ಬೀಳತೈತಿ, ಹಕ್ಕಿಗೂ ಬೀಳತೈತಿ. ಅವ್ರಿಗೂ ನೀರಡಿಕಿ ಆಗಿತ್ತು. ಅವರವ್ವಗೋಳೂ ಹಾದಿ ಕಾದಿರ್ತಾರ. ಸುತ್ತೂ ಚೆಲ್ಲು."

ಶಿವು ಚೆಲ್ಲುತ್ತಾ ನಡೆದ. ಪಂಜಾಬಿ ಹುಡುಗ ಹಿಂದೆ ಹಿಂದೆ ನೀರು ಚಿಮುಕಿಸಿದ. ಕೊನೆಗೆ ಉಳಿದ ನೀರನ್ನೆಲ್ಲ ಒಂದು ಕಲ್ಲಿನ ಬುಡಕ್ಕೆ ಸುರಿದು ಇಬ್ಬರೂ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಆಯಿಯೂ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಎಡಗೈಯಲ್ಲಿ ಸೆಲ್ಯೂಟ್ ಹೊಡೆದಳು. ಯಾರೂ ತಿದ್ದಲಿಲ್ಲ.

ಅದೇ ಅವಳ ಕಡೆಯ ಎಳ್ಳಮಾವಾಸ್ಯೆ. ಮುಂದಿನ ಯುಗಾದಿಗೆ ಆಯಿ ಇರಲಿಲ್ಲ. ಈಗ ಹೊಲದಲ್ಲಿ ನೀರು ಚಿಮುಕಿಸುವ ತಂಬಿಗೆ ನನ್ನ ಕೈಯಲ್ಲಿದೆ. ಅದನ್ನು ಹಿಡಿದಾಗೆಲ್ಲ ಆ ಮಧ್ಯಾಹ್ನ ಕಣ್ಣಮುಂದೆ ಬರುತ್ತದೆ. ಫೋನು ಬಂದ್ ಆಗಿತ್ತು. ಹೊತ್ತು ಇನ್ನೂ ನೆತ್ತಿಯ ಮೇಲಿತ್ತು. ಆಯಿ ಬನ್ನಿ ಗಿಡದ ಬುಡಕ್ಕೆ ಕೂತು, ನನ್ನ ಕಡೆ ಕೈ ಚಾಚಿದಳು.

"ಹಿಂಡೆಲ್ಲಾ ಕುಡೀತು, ನಮ್ಮಪ್ಪನೂ ಕುಡಿದ. ಈಗ ನನಗೊಂದೀಟು ನೀರು ಕೊಡು, ತಂಗಿ."