ಹಾಳೂರು, ಹಾಲೂರು

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ರಬ್ಬರ್ ವಾಷರ್‌ಗಳನ್ನು ಒಂದೊಂದಾಗಿ ನೋಡಿ, ಸೀಳಿದ್ದು, ಓರೆಯಾದದ್ದು ಬೇರೆ ಬುಟ್ಟಿಗೆ ಹಾಕುವುದು ನನ್ನ ಕೆಲಸ. ತಪ್ಪು ಕಂಡರೆ ತಪ್ಪು ಅನ್ನುವುದಕ್ಕೇ ನನಗೆ ಪಗಾರ ಕೊಡುತ್ತಾರೆ. ಆದರೂ ಒಂದು ದಿನ ತಪ್ಪು ಕಿವಿಗೆ ಬಿದ್ದಾಗ ನಾನು ಸರಿ ಅಂದೆ. ಬೇಕಂತಲೇ ಅಂದೆ. ಯಾಕೆ ಅಂದೆ ಅನ್ನುವುದನ್ನು ಬರೆಯುತ್ತೇನೆ.

ಅಪ್ಪ ಅವ್ವ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಗಡಿಯಾಚೆಯ ಈ ದೊಡ್ಡ ತೆಲುಗು ಪಟ್ಟಣಕ್ಕೆ ಬಂದು ಇಲ್ಲೇ ಉಳಿದವರು. ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅವನನ್ನು ಹಿಡಿದುಕೊಳ್ಳಲು ಯಾರೂ ಇಲ್ಲ ಅಂತ ನನ್ನನ್ನು ಶಾಲೆ ಬಿಡಿಸಿದರು. ಆಗ ನಾವಿದ್ದ ತಗಡಿನ ಮನೆಯ ಹಿಂದೆ ಒಂದರ ಮೇಲೊಂದು ಕೂತ ದೊಡ್ಡ ಬಂಡೆಗಳಿದ್ದವು. ಮಧ್ಯಾಹ್ನ ಅವನು ಮಲಗದೆ ಕಾಡಿದಾಗ ನಾನು ಆ ಬಂಡೆಗಳನ್ನು ತೋರಿಸಿ ಕಥೆ ಹೇಳುತ್ತಿದ್ದೆ. ಅವು ಕಲ್ಲಲ್ಲ, ಕೆಳಗೆ ಮಲಗಿದವನ ಬೆರಳ ಗೆಣ್ಣುಗಳು. ಅವನು ಚಂದ್ರ ಹುಟ್ಟುವ ಮೊದಲೇ ಬಂದು ಮಲಗಿದ್ದಾನೆ. ಅವನಿಗೆ ನಮ್ಮ ಮೇಲೆ ಸಿಟ್ಟಿಲ್ಲ, ಪ್ರೀತಿಯೂ ಇಲ್ಲ, ನಾವು ಇರುವೆಯನ್ನು ನೋಡಿದ ಹಾಗೆ. ಮಗ್ಗುಲು ಬದಲಿಸಿದರೆ ಊರೇ ಇರುವುದಿಲ್ಲ, ಅದಕ್ಕೇ ಗದ್ದಲ ಮಾಡಬಾರದು. ತಮ್ಮ ಕಣ್ಣು ಬಿಗಿಯಾಗಿ ಮುಚ್ಚಿ ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದ. ಅದನ್ನೆಲ್ಲ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನಾನೇ ಕಟ್ಟಿದ್ದು.

ತಮ್ಮ ಡಿಪ್ಲೊಮಾ ಓದಿದ. ನಾಚಾರಂನಲ್ಲಿ ನೌಕರಿ ಹಿಡಿದ. ಗಿಟಾರು ಕಲಿತ, ಮೂವರು ಗೆಳೆಯರನ್ನು ಕಟ್ಟಿಕೊಂಡು ರಾಕ್ ಬ್ಯಾಂಡ್ ಮಾಡಿದ. ಒಂದು ಭಾನುವಾರ ನಾನು ಅವರೆಕಾಯಿ ಬಿಡಿಸುತ್ತಿದ್ದಾಗ ಬಂದು ಎದುರಿಗೆ ಕೂತ.

"ಅಕ್ಕಾ, ಒಂದು ಪುಸ್ತಕ ಓದೀನಿ. ಹಳೇ ಇಂಗ್ಲಿಷ್ ಕಥಿಗಳು, ಭಾಳ ಅಂದ್ರ ಭಾಳ ಅಂಜಿಕಿ ಬರ್ತಾವ. ಸಮುದ್ರದ ತಳದಾಗ ಒಂದು ದೇವರು ಮಲಗೇತಿ. ಮನಷ್ಯಾರು ಹುಟ್ಟೂದಕ್ಕಿಂತ ಮೊದಲ ಚುಕ್ಕಿಗಳಿಂದ ಇಳಿದು ಬಂದದ್ದು. ನಾವು ಇದ್ರೂ ಅದಕ್ಕ ಗೊತ್ತಿಲ್ಲ, ಸತ್ರೂ ಗೊತ್ತಿಲ್ಲ."

ನಾನು ಅವನ ಮುಖವನ್ನೇ ನೋಡಿದೆ. ಈಗ ನೆನಪಾಗುತ್ತದೆ, ಈಗ ನಗುತ್ತಾನೆ ಅಂತ ಕಾದೆ.

"ಅದರ ಮ್ಯಾಲೆ ಒಂದು ಇಡೀ ಆಲ್ಬಮ್ ಮಾಡಾಕತ್ತೀವಿ. ಏಳು ಹಾಡು, ಒಂದ ಕಥಿ. ಆದ್ರ ನಮಗ ಸಮುದ್ರ ಎಲ್ಲೈತಿ? ಅದಕ್ಕ ಆ ದೇವರನ್ನ ಇಲ್ಲೇ ಬಂಡೆಗಲ್ಲಿನ ಕೆಳಗ ಮಲಗಿಸೀನಿ. ಹೆಂಗೈತಿ ಐಡಿಯಾ?"

"ಚಲೋ ಐತಿ" ಅಂದೆ. ಉಗುರಿನಲ್ಲಿ ಒಂದು ಕಾಯಿ ಜಜ್ಜಿಹೋಯಿತು.

ಆ ಪುಸ್ತಕ ನಾನು ಹುಟ್ಟುವ ಎಷ್ಟೋ ಮೊದಲೇ ಇತ್ತು. ಅವನು ನನ್ನದನ್ನು ಕದ್ದ ಅನ್ನಲು ಬರುವುದಿಲ್ಲ. ಇದು ನನಗೆ ಆಗಲೂ ಗೊತ್ತಿತ್ತು. ಆದರೆ ಅವರ ಬ್ಯಾಂಡಿನ ಚೀಟಿಯಲ್ಲಿ "ಹಳೆಯ ಇಂಗ್ಲಿಷ್ ಕಥೆಗಳಿಂದ ಹುಟ್ಟಿದ್ದು" ಅಂತ ಅಚ್ಚಾದದ್ದನ್ನು ಅವನೇ ಓದಿ ಹೇಳಿದಾಗ ನನಗೆ ಊಟ ಸೇರಲಿಲ್ಲ.

ಆಲ್ಬಮ್ಮಿನ ಕಥೆ ಇಷ್ಟು. ಬೋರ್‌ವೆಲ್ ಕೊರೆಯುವವನೊಬ್ಬ ನೀರು ಸಿಗದೆ ಕೊರೆಯುತ್ತಾ ಹೋಗುತ್ತಾನೆ. ಒಂದೊಂದು ಹಾಡಿಗೂ ಕೊಳವೆ ಇನ್ನಷ್ಟು ಕೆಳಗಿಳಿಯುತ್ತದೆ. ನಾಲ್ಕನೆಯ ಹಾಡಿನಲ್ಲಿ ಕೆಳಗಿನಿಂದ ಉಸಿರಾಟ ಕೇಳಿಸುತ್ತದೆ. ಐದನೆಯದರಲ್ಲಿ ಕೆಳಗೊಂದು ಹಾಳುಬಿದ್ದ ಊರು ಇರುವುದು ತಿಳಿಯುತ್ತದೆ. ಹಾಡುಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಐದನೆಯ ಹಾಡಿನ ಮಧ್ಯೆ ಮಾತ್ರ ಎರಡು ಸಾಲು ಕನ್ನಡ, ಆ ಮಲಗಿದವನಿಗೆ ಮಾಡುವ ಪ್ರಾರ್ಥನೆ:

"ಆಳದಾಗ ಮಲಗ್ಯಾನ ಹಾಳೂರ ಅರಸ,
ಏಳಬ್ಯಾಡೋ ದೊರಿಯೇ, ನಮ್ಮ ಮಾತು ಕೇಳಬ್ಯಾಡ."

ಓದಿ ತೋರಿಸಿದಾಗ ನನಗೆ ಮೈ ಜುಮ್ಮೆಂದಿತು. ಇದನ್ನು ನನ್ನಿಂದಲೇ ಹಾಡಿಸುತ್ತಾನೆ ಅಂದುಕೊಂಡೆ. ಓಣಿಯ ಭಜನೆಯಲ್ಲಿ ನಾನು ಹಾಡುವುದು ಅವನಿಗೆ ಗೊತ್ತಿತ್ತು.

ಅವನು ಮೆಹದಿಪಟ್ಟಣದ ಒಂದು ಹುಡುಗಿಯನ್ನು ಕರೆದುಕೊಂಡು ಬಂದ. ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು, ಮನೆಮಾತು ದಖನಿ ಉರ್ದು, ಕನ್ನಡ ಒಂದಕ್ಷರ ಬಾರದು. ದನಿ ಮಾತ್ರ ಎಂಥದು ಅಂದರೆ, ನಮ್ಮ ಅಡುಗೆಮನೆಯಲ್ಲಿ ನಿಂತು ಸುಮ್ಮನೆ ಒಂದು ಆಲಾಪ ತೆಗೆದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ನಾನು ಹಾಡಿದಾಗ ಅವ್ವ ಯಾವತ್ತೂ ರೊಟ್ಟಿ ನಿಲ್ಲಿಸಿರಲಿಲ್ಲ.

ಹಾಡು ರೆಕಾರ್ಡ್ ಮಾಡುವ ದಿನ ತಮ್ಮನಿಗೆ ಶಿಫ್ಟ್ ಬಿತ್ತು.

"ನೀ ಆಕಿ ಜೋಡಿ ಕುಂದರಕ್ಕಾ. ಕನ್ನಡ ಒಂದೀಟು ನೋಡ್ಕೋ. 'ಳ' ಸರಿ ಬರಬೇಕು, ಅದೊಂದ ನನಗ ಚಿಂತಿ."

ಅದು ಗೋಡೆಗೆಲ್ಲ ಫೋಮ್ ಅಂಟಿಸಿದ ಚಿಕ್ಕ ಕೋಣೆ. ಹುಡುಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಹಾಡಿದಳು. ಅವಳ ನಾಲಿಗೆ ಹಿಂದಕ್ಕೆ ಮಡಚಿಕೊಳ್ಳಲಿಲ್ಲ. 'ಳ' ಇದ್ದಲ್ಲೆಲ್ಲ 'ಲ' ಬಂತು. ಆಳ ಹೋಗಿ ಆಲವಾಯಿತು. ಹಾಳೂರು ಹಾಲೂರಾಯಿತು. ಪಾತಾಳದಲ್ಲಿ ಮಲಗಿದವನು ಆಲದ ಮರದಲ್ಲಿ ಮಲಗಿದ, ಹಾಳು ಊರಿನ ಅರಸ ಹಾಲಿನ ಊರಿನ ಅರಸನಾದ.

ಅವಳು ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ ನನ್ನ ಕಡೆ ತಿರುಗಿದಳು. "ಬರಾಬರ್ ಬೋಲಿ ಕ್ಯಾ, ಆಪಾ?"

ಸರಿಯಾಗಿ ಅಂದೆನಾ ಅಂತ. ಆಪಾ ಅಂದರೆ ಅಕ್ಕ. ಅಷ್ಟು ನಂಬಿಕೆಯಿಂದ ಕೇಳಿದಳು.

"ಹೌ" ಅಂದೆ. "ಬರಾಬರ್."

ಅವಳು ಬಿಡಲಿಲ್ಲ. ಇನ್ನೆರಡು ಸಲ ಹಾಡಿದಳು, ಎರಡು ಸಲವೂ ಕೇಳಿದಳು. ಎರಡು ಸಲವೂ ನಾನು ತಲೆಯಾಡಿಸಿದೆ. ಸಂಜೆ ತಮ್ಮ ಕೇಳಿದಾಗಲೂ "ಬಂದೈತಿ" ಅಂದೆ. ಅವನು ಆ ದನಿಯ ಮೇಲೆ ಡ್ರಮ್ಮು, ಗಿಟಾರು, ಬೋರ್ ಕೊರೆಯುವ ಗರಗರ ಸದ್ದು ಎಲ್ಲ ಹೇರಿದ. ಬರೆದವನು ಅವನೇ ಆದ್ದರಿಂದ ಆ ಗದ್ದಲದಲ್ಲಿ ಅವನಿಗೆ ತಾನು ಬರೆದದ್ದೇ ಕೇಳಿಸಿತು, ಆಲ್ಬಮ್ ಹಾಗೇ ಅಂತರ್ಜಾಲಕ್ಕೆ ಹೋಯಿತು.

ಆ ವರ್ಷ ನಮ್ಮ ಕಡೆಯ ಕನ್ನಡ ಮಂದಿ ಸೇರಿ ರಾಜ್ಯೋತ್ಸವ ಮಾಡಿದಾಗ ತಮ್ಮನಿಗೂ ಒಂದು ಹಾಡಿಗೆ ಅವಕಾಶ ಸಿಕ್ಕಿತು. ಕನ್ನಡ ಇದ್ದದ್ದು ಅಂತ ಐದನೆಯದನ್ನೇ ಆರಿಸಿದ. ಡ್ರಮ್ಮು ಬೇಡ, ಮುದುಕರಿದ್ದಾರೆ ಅಂದರು. ಹಾಗಾಗಿ ಒಂದು ಗಿಟಾರು, ಅವಳ ದನಿ, ಅಷ್ಟೇ. ತಮ್ಮ ಹೊಸ ಅಂಗಿ ಹಾಕಿಕೊಂಡಿದ್ದ. ಅಪ್ಪನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದ. ಅಲ್ಲಿಯವರೆಗೆ ಅವನ ಹಾಡು ಕೇಳಿದವರೆಲ್ಲ ಬೇರೆ ಭಾಷೆಯವರು. ತನ್ನ ಮಂದಿ ಒಮ್ಮೆ ಕೇಳಲಿ ಅನ್ನುವುದು ಅವನ ದೊಡ್ಡ ಆಸೆಯಾಗಿತ್ತು.

ಕನ್ನಡದ ಮೊದಲ ಸಾಲು ಮುಗಿಯುತ್ತಲೇ ಹಿಂದೆ ಯಾರೋ ಕಿಸಕ್ಕೆಂದರು. ನನ್ನ ಪಕ್ಕದ ಸಾಲಿನಲ್ಲಿದ್ದ ಒಬ್ಬ ಯಜಮಾನರು, ದೊಡ್ಡ ಸರಕಾರಿ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು, ಗೆಳೆಯನ ಕಡೆ ಬಾಗಿದರು.

"ಹಾಲೂರಂತ್ರೀ! ಯಾವ ಡೇರಿ ಇದು?"

"ಅರಸ ಆಲದ ಗಿಡದಾಗ ಮಲಗ್ಯಾನಂತ. ಅಂವ ಅರಸ ಅಲ್ಲರಿ, ಮಂಗ್ಯಾ ಇರಬೇಕು."

"ಸುಮ್ಕಿರ್ರಿ, ಎದ್ದಗಿದ್ದಾನು."

ನಗು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹರಿಯಿತು. ಹುಡುಗಿಗೆ ಯಾಕೆಂದು ತಿಳಿಯದು. ಪಾಪ, ಮೆಚ್ಚಿ ನಗುತ್ತಿದ್ದಾರೆ ಅಂದುಕೊಂಡು ಇನ್ನೂ ಜೋರಾಗಿ ಹಾಡಿದಳು. ತಮ್ಮನಿಗೆ ಆಗ ಕೇಳಿಸಿತು. ಅವನ ಬೆರಳು ತಂತಿಯ ಮೇಲೆ ತಪ್ಪಿದ್ದನ್ನು ನಾನು ಕಂಡೆ. ಅಪ್ಪ ತಲೆ ತಗ್ಗಿಸಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ನನಗೆ ಒಳಗೊಳಗೇ ತಂಪಾಯಿತು. ಅದನ್ನೂ ಮುಚ್ಚಿಡುವುದಿಲ್ಲ.

ವೇದಿಕೆಯ ಹಿಂದೆ ತಮ್ಮ ಅವಳನ್ನು ಹಿಂದಿಯಲ್ಲಿ ಕೇಳಿದ. ಅಕ್ಕ ಹೇಳಿಕೊಟ್ಟಿರಲಿಲ್ಲವಾ, ಅಂತ. ಅವಳು ನನ್ನನ್ನು ನೋಡಿದಳು. ತಮ್ಮನೂ ನೋಡಿದ.

"ನಾ ಹೇಳಿದ್ದೆಪಾ" ಅಂದೆ. "ಆಕಿ ನಾಲಿಗಿ ತಿರುಗಲಿಲ್ಲ."

ಅವಳಿಗೆ ಕನ್ನಡ ಬಾರದಿದ್ದರೂ ನಾನೇನು ಅಂದೆನೆಂದು ತಿಳಿಯಿತು. ಜಗಳ ಮಾಡಲಿಲ್ಲ. "ಮೇರೀಚ್ ಗಲ್ತಿ" ಅಂದಳು, ತನ್ನದೇ ತಪ್ಪು ಅಂತ. ದುಪ್ಪಟ್ಟಾ ಸರಿ ಮಾಡಿಕೊಂಡು ಹೊರಗೆ ಹೋಗಿ ಆಟೊ ಹತ್ತಿದಳು. ಆಮೇಲೆ ಬ್ಯಾಂಡಿಗೆ ಬರಲಿಲ್ಲ. ತಮ್ಮ ಅಂತರ್ಜಾಲದಿಂದ ಆಲ್ಬಮ್ ತೆಗೆಸಿದ.

ಎರಡು ತಿಂಗಳಾದ ಮೇಲೆ ಅವನು, "ಅಕ್ಕಾ, ಆ ಎರಡು ಸಾಲು ನೀನ ಹಾಡಿಬಿಡು" ಅಂದ.

ನನಗೆ ಬೇಕಾಗಿದ್ದುದೇ ಅದು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದೆ. ಅದೇ ಫೋಮಿನ ಕೋಣೆ. ಹೆಡ್‌ಫೋನ್ ಹಾಕಿಕೊಂಡು "ಆಳದಾಗ ಮಲಗ್ಯಾನ ಹಾಳೂರ ಅರಸ" ಅಂತ ಹಾಡಿದೆ. ಗಾಜಿನ ಆಚೆ ತಮ್ಮ ಹೆಬ್ಬೆರಳು ಎತ್ತಿ ತೋರಿಸಿದ. "ನೋಡ್ರೋ, ಇದು ಳ ಅಂದ್ರ!" ಅಂತ ಗೆಳೆಯರಿಗೆ ಹೇಳಿದ್ದು ನನ್ನ ಕಿವಿಯಲ್ಲೇ ಕೇಳಿಸಿತು. ಎರಡನೆಯ ಸಾಲು ಹಾಡದೆ ಹೆಡ್‌ಫೋನ್ ತೆಗೆದೆ. ಮೈಕಿನ ಮುಂದೆ ನಿಂತೇ ಹೇಳಿಬಿಟ್ಟೆ. ಆಕಿ ಮೂರು ಸಲ ಕೇಳಿದ್ದಳು, ನಾನ ಬರಾಬರ್ ಅಂದಿದ್ದೆ, ಅಂತ.

ತಮ್ಮ ಗೆಳೆಯರನ್ನು ಹೊರಗೆ ಕಳಿಸಿ ಒಳಗೆ ಬಂದ. "ಯಾಕಕ್ಕಾ?"

"ಅದು ನನ್ನ ಕಥಿ ಆಗಿತ್ತು."

"ಯಾವ ಕಥಿ?"

"ಬಂಡೆಗಲ್ಲಿನ ಕೆಳಗ ಮಲಗಿದಂವಂದು. ನೀ ಸಣ್ಣಂವ ಇದ್ದಾಗ ದಿನಾ ಹೇಳತಿದ್ದೆನಲ್ಲೋ."

ಅವನು ಬಹಳ ಹೊತ್ತು ನೆನಪು ಮಾಡಿಕೊಳ್ಳಲು ನೋಡಿದ. ಸುಳ್ಳು ಹೇಳುವ ಮುಖವಲ್ಲ ಅದು. "ನನಗ ನೆನಪಿಲ್ಲಕ್ಕಾ" ಅಂದ. ಆಮೇಲೆ, "ನೆನಪಿದ್ರ ನಿನ್ನ ಹೆಸರು ಹಾಕತಿದ್ದೆ. ನೀ ಒಂದ ಮಾತು ಹೇಳಬೇಕಿತ್ತು. ಈಗ ನನಗ ಹೇಳಿ ಏನು ಮಾಡತಿ, ಆಕಿಗೆ ಹೋಗಿ ಹೇಳು" ಅಂದ.

ಮರುದಿನ ರಜೆ ಹಾಕಿ ಮೆಹದಿಪಟ್ಟಣಕ್ಕೆ ಬಸ್ಸು ಹತ್ತಿದೆ. ಹುಡುಗಿ ತನ್ನ ಮನೆಯ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ನನ್ನ ಹಿಂದಿ ಅಷ್ಟಕ್ಕಷ್ಟೇ, ಆದರೂ ಏನನ್ನೂ ಬಿಡದೆ ಹೇಳಿದೆ. ಅವಳು ಒಳಗೆ ಬಾ ಅನ್ನಲಿಲ್ಲ. ಕ್ಷಮಿಸಿದೆ ಅಂತಲೂ ಅನ್ನಲಿಲ್ಲ.

"ಅಬ್ ಬೋಲೋ" ಅಂದಳು. "ಕೈಸಾ ಬೋಲ್ನಾ?"

ಹೇಗೆ ಅನ್ನಬೇಕು ಅಂತ ಹೊಸ್ತಿಲ ಹೊರಗೆ ನಿಂತೇ ಬಾಯಿ ತೆರೆದು ತೋರಿಸಿದೆ. ನಾಲಿಗೆಯ ತುದಿ ಮೇಲಕ್ಕೆತ್ತಿ ಹಿಂದಕ್ಕೆ ಮಡಚಬೇಕು, ಬಿಡುವಾಗ ಮುಂದಕ್ಕೆ ಹೊಡೆಯಬೇಕು. ಅವಳು ನನ್ನ ಬಾಯನ್ನೇ ನೋಡಿಕೊಂಡು ಪ್ರಯತ್ನ ಮಾಡಿದಳು. ನಾಲ್ಕೈದು ಸಲ ಬರಲಿಲ್ಲ, ನಾನೂ ಬಂತು ಅನ್ನಲಿಲ್ಲ. ಆರನೆಯ ಸಲಕ್ಕೆ "ಹಾಳೂರ" ಅಂದಳು. ಮೆಲ್ಲಗೆ ಅಂದಳು, ಹಾಡಿಯೂ ಇರಲಿಲ್ಲ, ಆದರೂ ನಾನು ಸ್ಟುಡಿಯೊದಲ್ಲಿ ಹಾಡಿದ್ದಕ್ಕಿಂತ ಚೆನ್ನಾಗಿತ್ತು. ನನಗೆ ಮತ್ತೆ ಅದೇ ಹೊಟ್ಟೆಕಿಚ್ಚಾಯಿತು.

"ಅಬ್ ಬರಾಬರ್" ಅಂದೆ. ಅವಳು ತಲೆಯಾಡಿಸಿ ಬಾಗಿಲು ಹಾಕಿಕೊಂಡಳು.

ಮನೆಗೆ ಬಂದಾಗ ತಮ್ಮ, "ಬರ್ತಾಳಂತೇನು?" ಅಂತ ಕೇಳಿದ. "ನಾನು ಕೇಳಲಿಲ್ಲ, ನೀನ ಕೇಳು" ಅಂದೆ. ಅವನು ಫೋನು ಮಾಡಿದ. ಅವಳು ಎತ್ತಲಿಲ್ಲ. ಐದನೆಯ ಹಾಡಿನಲ್ಲಿ ಆ ಎರಡು ಸಾಲಿನ ಜಾಗ ಈಗಲೂ ಖಾಲಿ ಇದೆ, ಬರೀ ಬೋರ್ ಕೊರೆಯುವ ಸದ್ದು ಕೇಳಿಸುತ್ತದೆ. ನಾನು ಹಾಡಿದ ಸಾಲನ್ನು ತಮ್ಮ ಅಳಿಸಿದ್ದಾನೆ. ಉಳಿಸಿಕೋ ಅಂತ ನಾನೂ ಕೇಳಿಲ್ಲ.