ರಾಹುಕಾಲದಲ್ಲಿ ಬಿದ್ದ ಗೋಲು

ಗೆಳೆಯರೇ, ಇವತ್ತು ಅಮೆರಿಕದ ಎಡಿಸನ್ ಊರಿನ ನಮ್ಮ ಮನೆಯಲ್ಲೂ ಫುಟ್‌ಬಾಲ್ ವರ್ಲ್ಡ್ ಕಪ್ ಬೆಟ್ಟಿಂಗ್ ನಡೆಯಿತು. ಮಧ್ಯಾಹ್ನ ಮೂರರ ಮ್ಯಾಚು, ಹಾಫ್ ಟೈಮಿಗೆ ಸೊನ್ನೆ-ಸೊನ್ನೆ. ನಮ್ಮನೆಯವರು ಫೋನಿನಲ್ಲಿ ಬೆಟ್ಟಿಂಗ್ ಲೆಕ್ಕ ನೋಡಿ, "ಕೊನೇ ಇಪ್ಪತ್ತು ನಿಮಿಷದಲ್ಲಿ ಗೋಲ್ ಗ್ಯಾರಂಟಿ ಅಪ್ಪ" ಎಂದರು.

ಮೈಸೂರಿನಿಂದ ಬಂದಿರುವ ಮಾವನವರು ಸೂಟ್‌ಕೇಸಿನಲ್ಲಿ ತಂದಿದ್ದ ಕ್ಯಾಲೆಂಡರ್ ನೋಡಿದರು. "ಭಾನುವಾರ ನಾಲ್ಕೂವರೆಯಿಂದ ರಾಹುಕಾಲ ಕಣೋ. ಹೊಡೆದ್ರೂ ದಕ್ಕಲ್ಲ."

ಸರಿ, ಬೆಟ್ ಆಯಿತು. ಸೋತವರು ಒಂದು ವಾರ ಮನೆಮಂದಿಗೆಲ್ಲ ಬೆಳಗಿನ ಕಾಫಿ ಮಾಡಬೇಕು.

ನಾಲ್ಕು ನಲವತ್ತಕ್ಕೆ ಗೋಲು ಬಿತ್ತು. ನಮ್ಮನೆಯವರು ಸೋಫಾ ಹತ್ತಿ ಕುಣಿದರು. "ನಂಗೆ ಸಕ್ಕರೆ ಕಮ್ಮಿ ಹಾಕಿ ಅಪ್ಪ." ಮಾವ ಕೂತಲ್ಲಿಂದ ಅಲ್ಲಾಡಲಿಲ್ಲ. ಅಷ್ಟರಲ್ಲಿ ರೆಫರಿ ಎರಡು ನಿಮಿಷ ವಿಡಿಯೋ ನೋಡಿ, ಆಫ್‌ಸೈಡ್ ಎಂದು ಗೋಲನ್ನು ರದ್ದು ಮಾಡಿದರು. ಮ್ಯಾಚು ಸೊನ್ನೆ-ಸೊನ್ನೆಯಲ್ಲೇ ಮುಗಿಯಿತು.

"ನಂಗೆ ಎರಡು ಚಮಚ ಸಕ್ಕರೆ" ಎಂದರು ಮಾವ.

ಆ ಕ್ಯಾಲೆಂಡರಿನ ಲೆಕ್ಕ ಮೈಸೂರಿನ ಸೂರ್ಯನದು. ಸೂರ್ಯ ರಾತ್ರಿ ಎಂಟರ ಮೇಲೆ ಮುಳುಗುವ ಈ ಬೇಸಿಗೆಯಲ್ಲಿ ಎಡಿಸನ್ನಿನ ರಾಹುಕಾಲ ಶುರುವಾಗುವುದೇ ಸಂಜೆ ಆರೂವರೆಯ ಮೇಲೆ. ನಾನು ಇಬ್ಬರಿಗೂ ಹೇಳಿಲ್ಲ. ಒಂದು ವಾರ ಕಾಫಿ ನನಗೂ ಕೂತಲ್ಲಿಗೇ ಬರುತ್ತದೆ, ದಯವಿಟ್ಟು ಯಾರೂ ಅವರನ್ನು ಇಲ್ಲಿ ಟ್ಯಾಗ್ ಮಾಡಬೇಡಿ.